ತತ್ತ್ವಶಾಸ್ತ್ರ ಇರುವುದು ಜಗತ್ತನ್ನು ಬದಲಿಸುವುದಕ್ಕೋ, ಅರಿಯುವುದಕ್ಕೋ?

ಪ್ರಶ್ನೆ: ತತ್ತ್ವಶಾಸ್ತ್ರ ಎಂ.ಎ. ವಿದ್ಯಾರ್ಥಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರಿನಲ್ಲಿ ನಾವು ಅರಿಸ್ಟಾಟಲನ ನೀತಿಶಾಸ್ತ್ರದ ಹತ್ತನೆಯ ಭಾಗವನ್ನೂ, ಜರ್ಮನ್ ತತ್ತ್ವಜ್ಞಾನಿ ಫಾಯರ್‌ಬಾಕ್‌ನನ್ನು ಕುರಿತು ಮಾರ್ಕ್ಸ್ 1845ರಲ್ಲಿ ಬ್ರಸೆಲ್ಸ್‌ನಲ್ಲಿ ಬರೆದಿಟ್ಟುಕೊಂಡ ಹನ್ನೊಂದು ಸೂತ್ರಗಳನ್ನೂ ಒಂದರ ಬೆನ್ನಿಗೆ ಒಂದು ಓದಿದೆವು. ಮನುಷ್ಯನಿಗೆ ದಕ್ಕಬಹುದಾದ ಅತ್ಯುನ್ನತ ಬದುಕು ಚಿಂತನೆಯ ಬದುಕು ಎಂಬುದು ಅರಿಸ್ಟಾಟಲನ ಮಾತು. ಉಳಿದ ಕೆಲಸಗಳನ್ನು ನಾವು ಬೇರೆ ಯಾವುದೋ ಫಲವನ್ನು ಬಯಸಿ ಮಾಡುತ್ತೇವೆ, ಚಿಂತನೆಯನ್ನು ಮಾತ್ರ ಅದರ ಸಲುವಾಗಿಯೇ ಪ್ರೀತಿಸುತ್ತೇವೆ, ಏಕೆಂದರೆ ಚಿಂತಿಸಿದ್ದರ ಹೊರತು ಅದರಿಂದ ಇನ್ನೇನೂ ಹುಟ್ಟುವುದಿಲ್ಲ ಎಂದು ಅವನು ಕಾರಣ ಕೊಡುತ್ತಾನೆ. ಮಾರ್ಕ್ಸ್‌ನ ಕೊನೆಯ ಸೂತ್ರ ಇದಕ್ಕೆ ಎದುರಾಗಿ ನಿಲ್ಲುತ್ತದೆ. ತತ್ತ್ವಜ್ಞಾನಿಗಳು ಇದುವರೆಗೆ ಜಗತ್ತನ್ನು ಬಗೆಬಗೆಯಾಗಿ ವ್ಯಾಖ್ಯಾನಿಸಿದರು, ಅಷ್ಟೆ. ಆಗಬೇಕಾದದ್ದು ಅದನ್ನು ಬದಲಿಸುವುದು ಎನ್ನುತ್ತದೆ ಅದು.

ಓದುವಾಗ ಎರಡೂ ಸರಿಯೆನಿಸಿದವು, ಅದೇ ನನ್ನ ತೊಂದರೆ. ನನ್ನ ತಮ್ಮ ಪೌರಕಾರ್ಮಿಕರ ಸಂಘವೊಂದರಲ್ಲಿ ಕೆಲಸ ಮಾಡುತ್ತಾನೆ. ನಿನ್ನ ಓದಿನಿಂದ ಇವರಿಗೆ ಏನಾಗುತ್ತದೆ ಎಂದು ಅವನು ಕೇಳಿದಾಗ, ಏನೂ ಆಗಬೇಕಾಗಿಲ್ಲ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ಏನೋ ಆಗುತ್ತದೆ ಎಂದು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಯಾವ ಫಲವನ್ನೂ ಕೊಡದ ಚಿಂತನೆಗಾಗಿ ಸರ್ಕಾರಿ ವಿಶ್ವವಿದ್ಯಾಲಯವೊಂದು ಜನರ ತೆರಿಗೆಯ ಹಣವನ್ನು ವ್ಯಯಿಸುವುದು ನ್ಯಾಯವೇ? ಫಲವೇ ಗುರಿ ಎನ್ನುವುದಾದರೆ ತತ್ತ್ವಶಾಸ್ತ್ರಕ್ಕೂ ರಾಜಕೀಯಕ್ಕೂ, ತತ್ತ್ವಶಾಸ್ತ್ರಕ್ಕೂ ಸಮಾಜಸೇವೆಗೂ ಏನು ವ್ಯತ್ಯಾಸ ಉಳಿಯುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಅಧ್ಯಾಪಕ, ಧಾರವಾಡ

ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದ್ದೀರಿ, ಸಂತೋಷ. ಮೊದಲು ಅರಿಸ್ಟಾಟಲನನ್ನು ಪೂರ್ತಿಯಾಗಿ ಓದೋಣ. ನೀವು ಹೇಳುವ ಹತ್ತನೆಯ ಭಾಗ ಇರುವ ಅದೇ ಗ್ರಂಥದ ಎರಡನೆಯ ಭಾಗದಲ್ಲಿ ಅವನು, ಸದ್ಗುಣವೆಂದರೆ ಏನು ಎಂದು ತಿಳಿದುಕೊಳ್ಳುವುದಕ್ಕಾಗಿ ನಾವು ಈ ವಿಚಾರಣೆಯನ್ನು ಕೈಗೊಂಡಿಲ್ಲ, ಒಳ್ಳೆಯವರಾಗುವುದಕ್ಕಾಗಿ ಕೈಗೊಂಡಿದ್ದೇವೆ, ಹಾಗಾಗದಿದ್ದರೆ ಇದರಿಂದ ಪ್ರಯೋಜನವಿಲ್ಲ ಎಂದು ನೇರವಾಗಿ ಹೇಳುತ್ತಾನೆ. ಅಂದರೆ ನೀತಿಯನ್ನೂ ರಾಜ್ಯವನ್ನೂ ಕುರಿತ ವಿಚಾರ ಆಚರಣೆಗೆ ಬರಬೇಕು ಎಂಬುದು ಅವನಿಗೂ ಒಪ್ಪಿತವಾದ ಸಂಗತಿ. ಬೇರೆ ರೀತಿಯಲ್ಲಿ ಇರಲಾರದ ವಸ್ತುಗಳ ಕಾಣ್ಕೆ, ಅಂದರೆ ಗಣಿತದ ಸತ್ಯಗಳು, ಆಕಾಶದ ಚಲನೆ, ಇರುವಿಕೆಯ ಮೂಲ ಕಾರಣಗಳು ಇಂಥವುಗಳ ಕಾಣ್ಕೆಯನ್ನು ಮಾತ್ರ ಅವನು ಫಲದ ಲೆಕ್ಕದಿಂದ ಹೊರಗಿಡುತ್ತಾನೆ. ಆದ್ದರಿಂದ ಅರಿಸ್ಟಾಟಲ್ ಒಂದು ದಡ, ಮಾರ್ಕ್ಸ್ ಇನ್ನೊಂದು ದಡ ಎಂದು ನಿಲ್ಲಿಸುವುದು ಪರೀಕ್ಷೆಯ ಉತ್ತರಕ್ಕೆ ಅನುಕೂಲವಾದೀತು, ಓದಿಗೆ ಅಲ್ಲ.

ಶುದ್ಧ ಚಿಂತನೆಯ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ವಾದವೊಂದಿದೆ. ಜಾರ್ಜ್ ಬೂಲ್ 1854ರಲ್ಲಿ ತರ್ಕವನ್ನು ಬೀಜಗಣಿತದ ರೂಪದಲ್ಲಿ ಬರೆದಾಗ ಅದರಿಂದ ಯಾವ ಯಂತ್ರವೂ ಹುಟ್ಟಲಿಲ್ಲ. 1937ರಲ್ಲಿ ಕ್ಲಾಡ್ ಶಾನನ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಅದೇ ಬೀಜಗಣಿತವನ್ನು ವಿದ್ಯುತ್ ರಿಲೇಗಳ ಜೋಡಣೆಗೆ ಅನ್ವಯಿಸಿದ, ಇಂದಿನ ಗಣಕಯಂತ್ರಗಳು ಆ ದಾರಿಯಲ್ಲಿ ಬಂದವು. ಈ ಕಥೆ ನಿಜ. ಆದರೆ ನಿಮ್ಮ ತಮ್ಮನಿಗೆ ಇದನ್ನು ಉತ್ತರವಾಗಿ ಕೊಡಬೇಡಿ ಎಂದು ನನ್ನ ಸಲಹೆ. ಇಂದಲ್ಲದಿದ್ದರೆ ನಾಳೆ ಉಪಯೋಗಕ್ಕೆ ಬಂದೀತು ಎಂದು ಚಿಂತನೆಯನ್ನು ಸಮರ್ಥಿಸುವವನು ಉಪಯೋಗವೇ ಅಳತೆಗೋಲು ಎಂದು ಮೊದಲೇ ಒಪ್ಪಿಕೊಂಡಿರುತ್ತಾನೆ. ಹಾಗಾದರೆ ಎಂದೂ ಉಪಯೋಗಕ್ಕೆ ಬಾರದ ನೂರಾರು ಚಿಂತನೆಗಳ ಗತಿಯೇನು?

ನನ್ನ ಆತಂಕ ಬೇರೆ ಕಡೆಗಿದೆ. ಬದಲಾವಣೆಯೇ ಗುರಿಯೆಂದು ಮೊದಲೇ ನಿಶ್ಚಯಿಸಿದ ಚಿಂತನೆ, ಇದು ನಿಜವೇ ಎಂದು ಕೇಳುವುದನ್ನು ಬಿಟ್ಟು ಇದು ನಮ್ಮ ಕಾರ್ಯಕ್ಕೆ ಒದಗುತ್ತದೆಯೇ ಎಂದು ಕೇಳತೊಡಗುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಇದು ಸಂಭವಿಸಿತು. ತಳಿವಿಜ್ಞಾನವು ಬೂರ್ಜ್ವಾ ಚಿಂತನೆಯ ಕೂಸು, ಅಲ್ಲಿನ ಅಧಿಕೃತ ಮಾರ್ಕ್ಸ್‌ವಾದಿ ದರ್ಶನವಾದ ದ್ವಂದ್ವಾತ್ಮಕ ಭೌತವಾದಕ್ಕೆ ವಿರೋಧಿ ಎಂದು ಕೃಷಿವಿಜ್ಞಾನಿ ಲೈಸೆಂಕೋ ಮತ್ತು ಅವನ ಸಂಗಡಿಗರು ಸಾರಿದರು. ಬೆಳೆಗಳ ಮೂಲವನ್ನು ಹುಡುಕುತ್ತ ಹಲವು ಖಂಡಗಳನ್ನು ಸುತ್ತಿ ಬಹುದೊಡ್ಡ ಬೀಜಸಂಗ್ರಹವನ್ನು ಕಟ್ಟಿದ ವವಿಲೋವ್ 1940ರಲ್ಲಿ ಬಂಧಿತನಾಗಿ, 1943ರಲ್ಲಿ ಸರಾತೋವ್ ಸೆರೆಮನೆಯಲ್ಲಿ ತೀರಿಕೊಂಡ. 1948ರ ಆಗಸ್ಟಿನಲ್ಲಿ ಕೃಷಿವಿಜ್ಞಾನ ಅಕಾಡೆಮಿಯ ಅಧಿವೇಶನ ಲೈಸೆಂಕೋನ ಮತವನ್ನೇ ಅಧಿಕೃತವೆಂದು ನಿಲ್ಲಿಸಿತು. ಒಂದು ತತ್ತ್ವಕ್ಕೆ ಜಗತ್ತನ್ನು ಬದಲಿಸುವ ಅಧಿಕಾರ ಸಿಕ್ಕಾಗ ಅದು ಮೊದಲು ಮುಚ್ಚಿದ್ದು ಪ್ರಶ್ನೆ ಕೇಳುವವರ ಬಾಯನ್ನು. ತೀರ್ಪನ್ನು ಮುಂದೂಡಿ, ಒಂದು ಪ್ರಶ್ನೆಯನ್ನು ಅದು ಎಲ್ಲಿಗೆ ಕರೆದೊಯ್ಯುತ್ತದೋ ಅಲ್ಲಿಯವರೆಗೆ ಹಿಂಬಾಲಿಸಲು ಒಂದು ಸಮಾಜದಲ್ಲಿ ಸ್ಥಳವಿರಬೇಕು. ತೆರಿಗೆಯ ಹಣ ಆ ಸ್ಥಳಕ್ಕೆ ಸಲ್ಲುವುದು ನ್ಯಾಯವೆಂದೇ ನಾನು ತಿಳಿಯುತ್ತೇನೆ.

ಉತ್ತರ: ಪೌರಕಾರ್ಮಿಕರ ಸಂಘಟನೆಯಲ್ಲಿರುವವನು, ಹುಬ್ಬಳ್ಳಿ

ಗುರುಗಳ ಮೇಲೆ ಗೌರವವಿಟ್ಟುಕೊಂಡೇ ಎರಡು ಮಾತುಗಳಿಗೆ ನನ್ನ ವಿರೋಧವನ್ನು ದಾಖಲಿಸುತ್ತೇನೆ.

ಲೈಸೆಂಕೋನ ಪ್ರಸಂಗ ಮಾರ್ಕ್ಸ್‌ನ ಸೂತ್ರಗಳಿಗೆ ವಿರುದ್ಧವಾದ ಸಾಕ್ಷಿಯಾಗುವುದಿಲ್ಲ. ಆ ಹನ್ನೊಂದರಲ್ಲಿ ಎರಡನೆಯದು, ಮನುಷ್ಯನ ಆಲೋಚನೆ ಸತ್ಯವೋ ಅಲ್ಲವೋ ಎಂಬುದು ಆಚರಣೆಯಲ್ಲಿ ಸಾಬೀತಾಗಬೇಕು ಎನ್ನುತ್ತದೆ. ಹೊಲದಲ್ಲಿ ಸೋತ ಪದ್ಧತಿಯನ್ನು ಪೊಲೀಸರ ಬಲದಿಂದ ಗೆದ್ದಿದೆಯೆಂದು ಸಾರಿದ್ದು ಆ ಸೂತ್ರದ ಉಲ್ಲಂಘನೆ. ಮೂರನೆಯ ಸೂತ್ರ ಇನ್ನೂ ಮುಖ್ಯವಾದದ್ದು. ಶಿಕ್ಷಣ ಕೊಡುವವನಿಗೇ ಶಿಕ್ಷಣ ಆಗಬೇಕಾಗುತ್ತದೆ ಎಂದು ಅದು ಎಚ್ಚರಿಸುತ್ತದೆ. ಸಮಾಜವನ್ನು ಎರಡು ಭಾಗ ಮಾಡಿ, ಒಂದು ಭಾಗ ಮೇಲೆ ಕುಳಿತು ಇನ್ನೊಂದನ್ನು ತಿದ್ದುತ್ತದೆ ಎಂದು ಭಾವಿಸುವವರಿಗೆ ಅದು ಸರಿಯಾದ ಉತ್ತರ. ಹನ್ನೊಂದನೆಯ ಸೂತ್ರವೊಂದನ್ನೇ ಗೋಡೆಯ ಮೇಲೆ ಬರೆದು ಉಳಿದ ಹತ್ತನ್ನು ಮರೆತವರು ಎಡಪಂಥದಲ್ಲೂ ಇದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಎರಡನೆಯದು, ಚಿಂತನೆಗೆ ಬೇಕಾದ ಬಿಡುವು ಎಲ್ಲಿಂದ ಬಂತು ಎಂಬ ಪ್ರಶ್ನೆ. ಅರಿಸ್ಟಾಟಲ್ ಇದನ್ನು ಮುಚ್ಚಿಟ್ಟಿಲ್ಲ. ಈಜಿಪ್ಟಿನಲ್ಲಿ ಪುರೋಹಿತ ವರ್ಗಕ್ಕೆ ಬಿಡುವಿದ್ದುದರಿಂದ ಅಲ್ಲಿ ಗಣಿತ ಹುಟ್ಟಿತು ಎಂದು ಅವನೇ ಬರೆಯುತ್ತಾನೆ. ಮಗ್ಗದ ಲಾಳಿ ತಾನಾಗಿಯೇ ನೇಯುವಂತಿದ್ದರೆ ಒಡೆಯರಿಗೆ ಗುಲಾಮರು ಬೇಕಾಗುತ್ತಿರಲಿಲ್ಲ ಎಂದು ರಾಜ್ಯಶಾಸ್ತ್ರದಲ್ಲಿ ಹೇಳುವವನೂ ಅವನೇ. ಲಾಳಿ ತಾನಾಗಿ ನೇಯುತ್ತಿರಲಿಲ್ಲ. ಆದ್ದರಿಂದ ಅಥೆನ್ಸಿನಲ್ಲಿ ಯಾರೋ ನೇಯುತ್ತಿದ್ದರು, ಯಾರೋ ಹಿಟ್ಟು ಬೀಸುತ್ತಿದ್ದರು, ಯಾರೋ ಲಾರಿಯಂ ಬೆಳ್ಳಿಯ ಗಣಿಗಳಲ್ಲಿ ಬಗ್ಗಿ ಅಗೆಯುತ್ತಿದ್ದರು. ಫಲವನ್ನು ಬಯಸದ ಚಿಂತನೆ ಇನ್ನೊಬ್ಬರ ದುಡಿಮೆಯ ಫಲವನ್ನು ಉಂಡೇ ಬೆಳೆಯಿತು. ಈ ಋಣದ ಮಾತನ್ನೆತ್ತದೆ ಚಿಂತನೆಯ ಪಾವಿತ್ರ್ಯವನ್ನು ಕೊಂಡಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಈಗ ವಿದ್ಯಾರ್ಥಿ ಮಿತ್ರರ ತಮ್ಮ ಕೇಳಿದ ಪ್ರಶ್ನೆಗೆ ಬರುತ್ತೇನೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಮೊದಲ ಕೇಂದ್ರ ಕಾನೂನು 1993ರಲ್ಲಿ ಬಂತು. ಅದರ ದೃಷ್ಟಿ ಬಹುಪಾಲು ಒಣ ಪಾಯಿಖಾನೆಗಳ ಮೇಲಿತ್ತು. 2013ರ ಕಾನೂನು ಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಕೆಲಸವನ್ನೂ ಒಳಗೊಂಡಿತು. 1993ರಿಂದೀಚೆಗೆ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿತು, 2023ರಲ್ಲಿ ಚರಂಡಿ ಸಾವುಗಳಿಗೆ ಕೊಡಬೇಕಾದ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಇವೆಲ್ಲ ಬದಲಾವಣೆಗಳೇ. ಆದರೆ 2013ರ ಕಾನೂನಿನ ವ್ಯಾಖ್ಯೆಯಲ್ಲಿ ಒಂದು ವಿವರಣೆಯಿದೆ: ಸರ್ಕಾರ ಗೊತ್ತುಪಡಿಸಿದ ಉಪಕರಣಗಳನ್ನೂ ರಕ್ಷಣಾ ಸಾಮಗ್ರಿಯನ್ನೂ ಬಳಸಿ ಮಲವನ್ನು ತೆಗೆಯುವವನನ್ನು ಮಲ ಹೊರುವವನೆಂದು ಪರಿಗಣಿಸತಕ್ಕದ್ದಲ್ಲ. ಕೈಗವಸು ಹಾಕಿಕೊಂಡರೆ ಅವಮಾನ ಕಳೆಯಿತು ಎಂದು ಕಾನೂನು ತಿಳಿದಂತಿದೆ. ನಮ್ಮ ಸಂಘದಲ್ಲಿ ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಯಂತ್ರ, ಗವಸು, ಬೂಟು, ಖಾಯಂ ನೌಕರಿ ಕೊಟ್ಟರೆ ಇದೂ ಎಲ್ಲ ಕೆಲಸಗಳಂತೆ ಒಂದು ಕೆಲಸ ಎನ್ನುವವರಿದ್ದಾರೆ. ತಾತ, ಅಪ್ಪ, ಮಗ ಎಂದು ಒಂದೇ ಜಾತಿಯ ಹೆಗಲಿಗೆ ಇಳಿದುಬರುವವರೆಗೆ ಯಾವ ಗವಸೂ ಅವಮಾನವನ್ನು ಕಳೆಯುವುದಿಲ್ಲ ಎನ್ನುವವರಿದ್ದಾರೆ. ಅವಮಾನ ಇರುವುದು ಮುಟ್ಟುವ ವಸ್ತುವಿನಲ್ಲಿಯೋ, ಮುಟ್ಟಲೇಬೇಕಾಗಿ ಬಂದ ಹುಟ್ಟಿನಲ್ಲಿಯೋ? ಇದು ಧರಣಿಯಿಂದ ಬಗೆಹರಿಯುವ ಪ್ರಶ್ನೆಯಲ್ಲ. ನಮಗೆ ತತ್ತ್ವಶಾಸ್ತ್ರ ಬೇಕಾಗಿರುವುದು ಇಲ್ಲಿ, ಮತ್ತು ಅದು ಬದಲಾವಣೆಗಾಗಿಯೇ ಬೇಕಾಗಿದೆ.

ಉತ್ತರ: ಕನ್ನಡ ಉಪನ್ಯಾಸಕಿ, ಕಲಬುರಗಿ

ಮೇಲಿನ ಎರಡೂ ಉತ್ತರಗಳಲ್ಲಿ ಒಂದು ಊಹೆ ಸಮಾನವಾಗಿದೆ ಎಂದು ನನಗೆ ತೋರುತ್ತದೆ. ಚಿಂತಿಸುವವರು ಒಬ್ಬರು, ದುಡಿಯುವವರು ಇನ್ನೊಬ್ಬರು ಎಂಬುದು ಆ ಊಹೆ. ಗುರುಗಳು ಚಿಂತಿಸುವವರಿಗೆ ಸ್ಥಳ ಕೇಳುತ್ತಿದ್ದಾರೆ, ಸಂಘಟಕರು ದುಡಿಯುವವರಿಗೆ ಚಿಂತಕರನ್ನು ಕೇಳುತ್ತಿದ್ದಾರೆ. ಇದೇ ಪ್ರಶ್ನೆಯನ್ನು ಈ ಊಹೆಯಿಲ್ಲದೆ ಎದುರಿಸಿದ ಪರಂಪರೆಯೊಂದು ನಮ್ಮಲ್ಲಿಯೇ ಇರುವುದರಿಂದ ಅದರ ಎರಡು ಸಂದರ್ಭಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಮುಂದಿಡುತ್ತೇನೆ. ಎರಡೂ ಶೂನ್ಯಸಂಪಾದನೆಯಲ್ಲಿ ಬರುತ್ತವೆ. ಆ ಗ್ರಂಥ ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಹದಿನೈದು-ಹದಿನಾರನೆಯ ಶತಮಾನಗಳಲ್ಲಿ ಸಂವಾದದ ರೂಪದಲ್ಲಿ ಜೋಡಿಸಿದ್ದು. ಆದ್ದರಿಂದ ಇವುಗಳನ್ನು ನಡೆದ ಘಟನೆಯೆಂದು ಓದುವುದಕ್ಕಿಂತ ಒಂದು ಪರಂಪರೆ ತನ್ನ ಪ್ರಶ್ನೆಯನ್ನು ಹೇಗೆ ರೂಪಿಸಿಕೊಂಡಿತು ಎಂದು ಓದುವುದು ಸರಿ.

ಮೊದಲನೆಯದು ಸಿದ್ಧರಾಮನದು. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಅವನು ಜನರನ್ನು ಸೇರಿಸಿ ಕೆರೆ ಕಟ್ಟಿಸುತ್ತಾನೆ, ಗುಡಿ ಕಟ್ಟಿಸುತ್ತಾನೆ. ಇಂದಿಗೂ ಆ ಊರಿನ ನಡುವೆ ಸಿದ್ಧೇಶ್ವರನ ಗುಡಿ ನೀರಿನ ಮಧ್ಯೆ ನಿಂತಿದೆ. ಜಗತ್ತನ್ನು ಬದಲಿಸುವುದೆಂದರೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಬರದ ಸೀಮೆಯಲ್ಲಿ ನೀರು ನಿಲ್ಲಿಸಿದವನು ಅವನು. ಅಲ್ಲಿಗೆ ಅಲ್ಲಮಪ್ರಭು ಬರುತ್ತಾನೆ, ಸಿದ್ಧರಾಮನನ್ನು ಬರಿಯ ಮಣ್ಣು ಅಗೆಯುವವನೆಂಬಂತೆ ಕರೆದು ಕೆಣಕುತ್ತಾನೆ. ಕೆರೆಯ ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರುತ್ತಾರೆ, ಸಿದ್ಧರಾಮನೂ ಕೋಪದಿಂದ ಉರಿಯುತ್ತ ಬರುತ್ತಾನೆ. ಅಲ್ಲಮ ಕೆಣಕಿದ್ದು ಕೆರೆಯನ್ನಲ್ಲ, ನಾನು ಕಟ್ಟಿಸಿದೆ ಎಂಬ ಭಾವವನ್ನು. ಒಂದು ಮಾತಿಗೆ ಹೊತ್ತಿಕೊಂಡ ಆ ಕೋಪವೇ ಅಲ್ಲಮನ ವಾದಕ್ಕೆ ಪುರಾವೆಯಾಯಿತು. ಲೋಕವನ್ನು ತಿದ್ದಲು ಹೊರಟವನು ತನ್ನನ್ನು ನೋಡಿಕೊಂಡಿರಲಿಲ್ಲ. ಸಂಘಟಕರು ಹೇಳಿದ ಮೂರನೆಯ ಸೂತ್ರ ನನಗೆ ಇಲ್ಲಿ ಹತ್ತಿರವೆನಿಸುತ್ತದೆ. ಮುಂದೆ ಸಿದ್ಧರಾಮ ಅಲ್ಲಮನೊಂದಿಗೆ ಕಲ್ಯಾಣಕ್ಕೆ ಹೋಗುತ್ತಾನೆ. ಪರಂಪರೆ ಅವನನ್ನು ಶರಣರ ಅನುಭವಮಂಟಪದ ಶೂನ್ಯಪೀಠದ ಅಧ್ಯಕ್ಷರ ಸಾಲಿನಲ್ಲಿ ನಿಲ್ಲಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಚಿಂತನೆಯೇ ಮೇಲು ಎಂದಂತಾಗುತ್ತದೆ. ಎರಡನೆಯ ಸಂದರ್ಭ ಇದಕ್ಕೆ ಪೂರ್ತಿ ತಿರುಗುಮುರುಗು. ಈಗಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಬಂದ ಮಾರಯ್ಯ ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕುವವನು. ಒಮ್ಮೆ ಅವನು ಪ್ರಭುದೇವರೊಂದಿಗೆ ತತ್ತ್ವವಿಚಾರದಲ್ಲಿ ಮುಳುಗಿ ಕಾಯಕವನ್ನು ಮರೆಯುತ್ತಾನೆ. ಆಗ ಹೆಂಡತಿ ಲಕ್ಕಮ್ಮ ಬಂದು ‘ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ’ ಎಂದು ಎಚ್ಚರಿಸುತ್ತಾಳೆ. ಅವಳ ಎದುರಿಗಿದ್ದವನು ಆ ಕಾಲದ ಅತಿ ದೊಡ್ಡ ತತ್ತ್ವಜ್ಞಾನಿ. ನಡೆಯುತ್ತಿದ್ದದ್ದು ಅತಿ ಗಹನವಾದ ಚರ್ಚೆ. ಆದರೂ ಅವಳು ಅದನ್ನು ನಿಲ್ಲಿಸಲು ಹಿಂಜರಿಯಲಿಲ್ಲ. ಅವನು ಅವಸರದಲ್ಲಿ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಆಸೆಯೆಂಬುದು ಅರಸರಿಗೆ ಸೇರಿದ್ದು, ಇಷ್ಟು ಅಕ್ಕಿಯ ಆಸೆ ನಿಮಗೇಕೆ ಎಂದು ಕೇಳಿ ಮರಳಿ ಕಳಿಸುವವಳೂ ಅವಳೇ. ಕಾಯಕವೇ ಕೈಲಾಸ ಎಂಬ ಮಾತು ಬರುವುದು ಈ ಮಾರಯ್ಯನ ವಚನದಲ್ಲಿ ಎಂಬುದನ್ನು ಮರೆಯದಿರೋಣ.

ಮಾಡುವವನನ್ನು ಅಲ್ಲಮ ತಡೆದ, ಚಿಂತಿಸುವವನನ್ನು ಲಕ್ಕಮ್ಮ ಎಬ್ಬಿಸಿದಳು. ಇಲ್ಲಿ ಬಿಡುವಿಗಾಗಿ ಗುಲಾಮರಿರಲಿಲ್ಲ. ತನ್ನ ಅಕ್ಕಿಯನ್ನು ತಾನೇ ಆಯ್ದುಕೊಳ್ಳಬೇಕಿತ್ತು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಇವರ ವಚನಗಳಲ್ಲಿ ಕಾಣುವ ತರ್ಕ ಯಾವ ಬಿಡುವುಳ್ಳ ವರ್ಗದ ತರ್ಕಕ್ಕೂ ಕಡಿಮೆಯಿಲ್ಲ. ಹಾಗೆಂದು ಕಲ್ಯಾಣವನ್ನು ಸಮಸ್ಯೆಗಳಿಲ್ಲದ ನಾಡೆಂದು ಚಿತ್ರಿಸುವುದು ತಪ್ಪಾಗುತ್ತದೆ. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯ ಕಾರಣಕ್ಕೆ ಅವರಿಗಾದ ಶಿಕ್ಷೆಯನ್ನೂ, ಶರಣರು ಚದುರಿಹೋದದ್ದನ್ನೂ ಅದೇ ಪರಂಪರೆ ನೆನಪಿಟ್ಟುಕೊಂಡಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮೇಡಂ, ಲಕ್ಕಮ್ಮನ ಸಂದರ್ಭವನ್ನು ನಾನು ಶಾಲೆಯಿಂದಲೂ ಬಲ್ಲೆ, ಅದನ್ನು ಅಲ್ಲಮನ ಪ್ರಸಂಗದ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಆದರೂ ಒಂದು ಸಂದೇಹ ಉಳಿದಿದೆ. ಅಲ್ಲಮ, ಸಿದ್ಧರಾಮ, ಲಕ್ಕಮ್ಮ ಇವರೆಲ್ಲ ಮಾತನಾಡುತ್ತಿರುವುದು ಹೇಗೆ ಬದುಕಬೇಕು ಎಂಬುದರ ಬಗ್ಗೆ. ಅಂಥ ಚಿಂತನೆ ಬದುಕಿಗೆ ಮರಳುವುದು ಸಹಜ. ನಾನು ಪ್ರಬಂಧ ಬರೆಯಬೇಕೆಂದಿರುವುದು ಸಂಖ್ಯೆಗಳು ನಮ್ಮ ಮನಸ್ಸಿನಿಂದ ಸ್ವತಂತ್ರವಾಗಿ ಇವೆಯೇ ಎಂಬ ಪ್ರಶ್ನೆಯ ಮೇಲೆ. ಅದನ್ನು ಯಾವ ಅಂಗಳಕ್ಕೂ ಒಯ್ಯಲು ಸಾಧ್ಯವಿಲ್ಲ. ಸಂಘಟಕರು ಕೈಗವಸಿನ ಬಗ್ಗೆ ಕೇಳಿದ ಪ್ರಶ್ನೆಯನ್ನು ಓದಿದ ಮೇಲೆ ನನ್ನ ವಿಷಯವನ್ನು ಸಮರ್ಥಿಸಿಕೊಳ್ಳುವುದು ಇನ್ನಷ್ಟು ಕಷ್ಟವಾಗಿದೆ.

ಉತ್ತರ: ವಕೀಲೆ, ಬೆಂಗಳೂರು

ನಿಮ್ಮ ಸಂದೇಹಕ್ಕೆ ಹತ್ತಿರವಾದ ಒಂದು ಸಂಗತಿಯನ್ನು ಹೇಳುತ್ತೇನೆ. ಡಾ. ಅಂಬೇಡ್ಕರ್ ಬುದ್ಧನನ್ನೂ ಮಾರ್ಕ್ಸ್‌ನನ್ನೂ ಹೋಲಿಸಿ ಬರೆದ ಪ್ರಬಂಧದಲ್ಲಿ, ಮಾರ್ಕ್ಸ್‌ವಾದದಲ್ಲಿ ಅಳಿದದ್ದೆಲ್ಲ ಅಳಿದ ಮೇಲೆ ಉಳಿದಿರುವುದೇನು ಎಂದು ಪಟ್ಟಿ ಮಾಡುತ್ತಾರೆ. ಅದರ ಮೊದಲ ಅಂಶವೇ, ತತ್ತ್ವಶಾಸ್ತ್ರದ ಕೆಲಸ ಜಗತ್ತನ್ನು ಪುನರ್ನಿರ್ಮಿಸುವುದು, ಜಗತ್ತಿನ ಮೂಲವನ್ನು ವಿವರಿಸುತ್ತ ಕಾಲ ಕಳೆಯುವುದಲ್ಲ ಎಂಬುದು. ಬುದ್ಧನ ನಿಲುವೂ ಇದೇ ಎಂದು ಅವರು ತೋರಿಸುತ್ತಾರೆ. ಜಗತ್ತು ಶಾಶ್ವತವೋ ಅಶಾಶ್ವತವೋ ಎಂದು ಪಟ್ಟು ಹಿಡಿದು ಕೇಳಿದ ಮಾಲುಂಕ್ಯಪುತ್ರನಿಗೆ, ವಿಷದ ಬಾಣ ನೆಟ್ಟವನು ಬಾಣ ಬಿಟ್ಟವನ ಕುಲಗೋತ್ರ ತಿಳಿಯುವವರೆಗೆ ಅದನ್ನು ಕೀಳಿಸಿಕೊಳ್ಳಲಾರೆ ಎಂದರೆ ಸಾಯುತ್ತಾನೆ ಎಂದು ಬುದ್ಧ ಹೇಳಿದ್ದು ನಿಮಗೆ ತಿಳಿದೇ ಇದೆ. ಗುರಿಯ ವಿಷಯದಲ್ಲಿ ಇಬ್ಬರೂ ಒಂದೇ ಎಂದು ಕಂಡ ಅಂಬೇಡ್ಕರ್, ದಾರಿಯ ವಿಷಯದಲ್ಲಿ ಹಿಂಸೆಯನ್ನೂ ಸರ್ವಾಧಿಕಾರವನ್ನೂ ತಿರಸ್ಕರಿಸಿ ಬುದ್ಧನನ್ನು ಆಯ್ದುಕೊಂಡರು. ಈ ಅಳತೆಯಿಂದ ನೋಡಿದರೆ ನಿಮ್ಮ ಸಂಖ್ಯೆಗಳ ಪ್ರಬಂಧ ಉಳಿಯುವುದು ಕಷ್ಟ. ಇದನ್ನು ಮರೆಮಾಚುವುದಿಲ್ಲ.

ಆದರೆ ಅಂಬೇಡ್ಕರರ ಸ್ವಂತ ಕೆಲಸದಲ್ಲಿ ಇನ್ನೊಂದು ಎಳೆಯಿದೆ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುವಾಗ, ಆಡಳಿತದ ಸಣ್ಣಪುಟ್ಟ ವಿವರಗಳನ್ನೆಲ್ಲ ಸಂವಿಧಾನದಲ್ಲಿ ಸೇರಿಸಿದ್ದೇಕೆ ಎಂಬ ಟೀಕೆಗೆ ಅವರು ಉತ್ತರ ಕೊಡಬೇಕಾಗಿತ್ತು. ಆಗ ಅವರು ಗ್ರೀಸಿನ ಚರಿತ್ರೆಯನ್ನು ಬರೆದ ಇಂಗ್ಲಿಷ್ ಚರಿತ್ರೆಕಾರ ಜಾರ್ಜ್ ಗ್ರೋಟ್‌ನ ಮಾತನ್ನು ಉದ್ಧರಿಸಿದರು. ಸಾಂವಿಧಾನಿಕ ನೈತಿಕತೆ, ಅಂದರೆ ಸಂವಿಧಾನದ ಕಟ್ಟಳೆಗಳ ಮೇಲಿನ ಗೌರವ, ಎಂಬ ಕಲ್ಪನೆ ಅಲ್ಲಿಂದ ಬಂದದ್ದು. ಅದು ಸಹಜವಾದ ಭಾವನೆಯಲ್ಲ, ಅದನ್ನು ಬೆಳೆಸಬೇಕು, ನಮ್ಮ ಜನ ಅದನ್ನು ಇನ್ನೂ ಕಲಿಯಬೇಕಾಗಿದೆ ಎಂದು ಅಂಬೇಡ್ಕರ್ ಹೇಳಿದರು. ಗ್ರೋಟ್ ಅದನ್ನು ಬರೆದದ್ದು 1846ರಿಂದ 1856ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ಗ್ರೀಸಿನ ಇತಿಹಾಸದಲ್ಲಿ, ಕ್ಲೈಸ್ತನೀಸ್ ಅಥೆನ್ಸಿನ ಆಡಳಿತವನ್ನು ಸುಧಾರಿಸಿದ ಪ್ರಕರಣವನ್ನು ವಿವರಿಸುವಾಗ. ಲಂಡನ್ನಿನ ಬ್ಯಾಂಕರ್ ಕುಟುಂಬದ ಆ ಮನುಷ್ಯನಿಗೆ ಭಾರತದ ಸಂವಿಧಾನ ಕನಸಿನಲ್ಲಿಯೂ ಇರಲಿಲ್ಲ. ಪ್ರಜಾಪ್ರಭುತ್ವವನ್ನು ಹೀಗಳೆದು ಬರೆಯುತ್ತಿದ್ದ ತನ್ನ ಕಾಲದ ಚರಿತ್ರೆಗೆ ಉತ್ತರ ಕೊಡಬೇಕೆಂಬ ಹಟ ಅವನಿಗಿತ್ತು, ಅವನು ನಿರ್ಲಿಪ್ತನೇನೂ ಆಗಿರಲಿಲ್ಲ. ಆದರೆ ಅವನ ಗುರಿ ಅಥೆನ್ಸನ್ನು ಸರಿಯಾಗಿ ಅರ್ಥಮಾಡಿಕೊಳ್ಳುವುದಾಗಿತ್ತು.

ಮುಂದಿನದನ್ನು ನಮ್ಮ ವೃತ್ತಿಯವರೆಲ್ಲ ಬಲ್ಲರು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮನ್ನು ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸಬಾರದೆಂದು ತೀರ್ಪಿತ್ತಾಗ, ಬಹುಜನರ ನೈತಿಕತೆಗೂ ಸಾಂವಿಧಾನಿಕ ನೈತಿಕತೆಗೂ ಭೇದವಿದೆ ಎಂಬ ಆಧಾರದ ಮೇಲೆ ನಿಂತಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠ ಅದೇ ಆಧಾರವನ್ನು ಇನ್ನಷ್ಟು ವಿಸ್ತರಿಸಿ ಕಲಮಿನ ಆ ಭಾಗವನ್ನು ರದ್ದುಪಡಿಸಿತು. ಅಥೆನ್ಸನ್ನು ಕುರಿತ ಒಂದು ವಿಚಾರ, ಆಡಳಿತದ ವಿವರಗಳನ್ನು ಸಮರ್ಥಿಸಲು ಬಳಕೆಯಾಗಿ, ಕೊನೆಗೆ ಅದನ್ನು ಮೊದಲು ಬರೆದವನೂ, ಇಲ್ಲಿಗೆ ತಂದವರೂ ಉದ್ದೇಶಿಸಿರದ ಕಡೆ ಸಾವಿರಾರು ಜನರ ಬದುಕನ್ನು ಅಪರಾಧದ ನೆರಳಿನಿಂದ ಹೊರತಂದಿತು. ಧಾರವಾಡದ ಗುರುಗಳು ಬೂಲ್‌ನ ಕಥೆಯನ್ನು ವಾದವಾಗಿ ಬಳಸಬೇಡಿ ಎಂದಿದ್ದಾರೆ, ನಾನೂ ಇದನ್ನು ಹಾಗೆ ಬಳಸುತ್ತಿಲ್ಲ. ನನಗೆ ಇದರಲ್ಲಿ ಕಾಣುವುದು ಎರಡು ಸಂಗತಿಗಳು. ಬದಲಾವಣೆಯನ್ನು ಗುರಿಯಿಟ್ಟು ಹೊಡೆಯಲು ವಿಚಾರಗಳು ಒದಗಿ ಬರುವುದಿಲ್ಲ. ಹಾಗೆಯೇ ಯಾವ ವಿಚಾರವೂ ತಾನಾಗಿ ನಡೆದುಬಂದು ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಹೆಸರನ್ನೂ ನೆಮ್ಮದಿಯನ್ನೂ ಪಣಕ್ಕಿಟ್ಟು ಅರ್ಜಿ ಹಾಕಿದವರು ಇಲ್ಲದೆ ಹೋಗಿದ್ದರೆ ಗ್ರೋಟ್‌ನ ಮಾತು ಗ್ರಂಥಾಲಯದಲ್ಲಿಯೇ ಇರುತ್ತಿತ್ತು.

ಮಾರ್ಕ್ಸ್‌ನ ಬಗ್ಗೆಯೂ ಒಂದು ಮಾತು. ಆ ಸೂತ್ರಗಳನ್ನು ಬರೆದಾಗ ಅವನಿಗೆ ಮೂವತ್ತೂ ತುಂಬಿರಲಿಲ್ಲ, ಅವುಗಳನ್ನು ಅವನು ಪ್ರಕಟಿಸಲೂ ಇಲ್ಲ. ಅವನು ತೀರಿಕೊಂಡ ಐದು ವರ್ಷಗಳ ಮೇಲೆ, 1888ರಲ್ಲಿ, ಎಂಗೆಲ್ಸ್ ಪ್ರಕಟಿಸಿದ. ಆ ಸಾಲನ್ನು ಬರೆದ ಮೇಲಿನ ತನ್ನ ಆಯುಷ್ಯದ ದೊಡ್ಡ ಭಾಗವನ್ನು ಅವನು ಬ್ರಿಟಿಷ್ ಮ್ಯೂಸಿಯಂನ ವಾಚನಾಲಯದಲ್ಲಿ ಸರಕಾರಿ ವರದಿಗಳನ್ನೂ ಅರ್ಥಶಾಸ್ತ್ರವನ್ನೂ ಓದುತ್ತ ಕಳೆದ. ‘ಬಂಡವಾಳ’ ಎಂಬ ಅವನ ಗ್ರಂಥದ ಮೊದಲ ಸಂಪುಟ ಬಂದದ್ದು 1867ರಲ್ಲಿ. ಬದಲಿಸುವುದಕ್ಕಾಗಿ ಅವನು ಆರಿಸಿಕೊಂಡ ದಾರಿ, ಇನ್ನೂ ಆಳವಾಗಿ ವ್ಯಾಖ್ಯಾನಿಸುವುದೇ ಆಗಿತ್ತು.

ಉತ್ತರ: ನಿವೃತ್ತ ಅಧ್ಯಾಪಕ, ಧಾರವಾಡ

ಋಣದ ಬಗ್ಗೆ ಸಂಘಟಕರು ಹೇಳಿದ್ದು ನಿಜವಾದ ಮಾತು. ಋಣವನ್ನು ಯಾವ ರೂಪದಲ್ಲಿ ತೀರಿಸಬೇಕು ಎಂಬಲ್ಲಿ ಮಾತ್ರ ನಮ್ಮಿಬ್ಬರ ದಾರಿ ಬೇರೆಯಾಗುತ್ತದೆ. ಬೇರೆಯವರ ದುಡಿಮೆಯಿಂದ ಬಿಡುವು ಪಡೆದವನು ತನ್ನ ಚಿಂತನೆಯ ವಿಷಯವನ್ನು ಬದಲಿಸಬೇಕಾಗಿಲ್ಲ. ಆ ಬಿಡುವು ಎಲ್ಲರಿಗೂ ದೊರೆಯುವಂತೆ ಮಾಡಲು ದುಡಿಯಬೇಕು. ಪೌರಕಾರ್ಮಿಕರ ಮಗಳೊಬ್ಬಳು ಸಂಖ್ಯೆಗಳ ಅಸ್ತಿತ್ವದ ಬಗ್ಗೆ ಎರಡು ವರ್ಷ ನಿಶ್ಚಿಂತೆಯಿಂದ ಯೋಚಿಸುವಂತಾಗುವುದು ನ್ಯಾಯದ ಒಂದು ಅಂಗವೆಂದು ನಾನು ನಂಬುತ್ತೇನೆ. ಅವಳು ತನ್ನ ಕೇರಿಯ ಕಷ್ಟವನ್ನೇ ಕುರಿತು ಯೋಚಿಸಬೇಕು, ಉಳಿದ ವಿಷಯಗಳು ಉಳ್ಳವರಿಗಿರಲಿ ಎಂದರೆ ಅದೂ ಒಂದು ಬಗೆಯ ಜಾತಿಯೇ ಆಗುತ್ತದೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಪ್ರಬಂಧವನ್ನು ಬಿಡಬೇಡಿ. ಅದರಿಂದ ಲೋಕಕ್ಕೆ ಏನಾಗುತ್ತದೆ ಎಂದು ತಮ್ಮ ಕೇಳಿದರೆ, ಇದರಿಂದ ಏನೂ ಆಗದಿರಬಹುದು, ಇದು ನಿಜವೋ ಎಂದು ತಿಳಿಯಬೇಕಾಗಿದೆ ಎಂದು ಧೈರ್ಯವಾಗಿ ಹೇಳಿ. ಸಂಜೆ ಅವನ ಸಂಘದ ಕಚೇರಿಗೂ ಹೋಗಿ. ಒಬ್ಬ ಮನುಷ್ಯನ ಬದುಕಿಗೆ ಒಂದೇ ಗುರಿಯಿರಬೇಕೆಂದು ಅರಿಸ್ಟಾಟಲನೂ ಹೇಳಿಲ್ಲ. ಚಿಂತಿಸುವವನೂ ಮನುಷ್ಯನಾಗಿರುವುದರಿಂದ, ನಾಲ್ವರ ಜೊತೆ ಬಾಳುವುದರಿಂದ, ಸದ್ಗುಣದ ಕೆಲಸಗಳನ್ನೂ ಆರಿಸಿಕೊಳ್ಳುತ್ತಾನೆ ಎಂದು ಅದೇ ಹತ್ತನೆಯ ಭಾಗದಲ್ಲಿ ಬರೆದಿದ್ದಾನೆ.

ಉತ್ತರ: ಪೌರಕಾರ್ಮಿಕರ ಸಂಘಟನೆಯಲ್ಲಿರುವವನು, ಹುಬ್ಬಳ್ಳಿ

ಕೇರಿಯ ಮಗಳ ಬಗ್ಗೆ ಗುರುಗಳು ಹೇಳಿದ ಮಾತನ್ನು ಒಪ್ಪುತ್ತೇನೆ. ಆ ಬಿಡುವು ಬರುವವರೆಗೆ ಬಿಡುವಿರುವವರು ಏನು ಮಾಡಬೇಕು ಎಂಬ ಪ್ರಶ್ನೆಯಲ್ಲಿ ನನ್ನ ಒತ್ತಾಯ ಹಾಗೆಯೇ ಇದೆ, ಮತ್ತು ಅದು ಒಂದು ಸಂಜೆಯ ಭೇಟಿಯಿಂದ ತೀರುವಂಥದ್ದಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಾನು ಹೇಳಿದ 2013ರ ಕಾನೂನಿನ ವ್ಯಾಖ್ಯೆ ಅದರ ಎರಡನೆಯ ಕಲಮಿನಲ್ಲಿದೆ, ಅದರ ಕೆಳಗಿನ ವಿವರಣೆಯನ್ನೂ ಓದಿ. ನಮ್ಮ ಸಂಘದಲ್ಲಿ ಎರಡೂ ಕಡೆಯವರು ಹಿರಿಯರೇ, ಎರಡೂ ಕಡೆಯವರು ಮ್ಯಾನ್‌ಹೋಲಿಗೆ ಇಳಿದವರೇ. ಯಂತ್ರ ಮತ್ತು ಖಾಯಂ ನೌಕರಿಯನ್ನು ಮಾತ್ರ ಕೇಳಬೇಕೋ, ಈ ವಿವರಣೆಯನ್ನೇ ತೆಗೆದುಹಾಕಬೇಕೆಂದು ಕೇಳಬೇಕೋ ಎಂಬುದನ್ನು ಮನವಿ ಸಿದ್ಧಪಡಿಸುವ ಮೊದಲು ನಾವು ತೀರ್ಮಾನಿಸಬೇಕಾಗಿದೆ. ಎರಡನೆಯದನ್ನು ಕೇಳಿದರೆ, ಗವಸು ಧರಿಸಿ ದುಡಿಯುತ್ತಿರುವವರ ಈಗಿನ ಕೂಲಿಗೇ ಕುತ್ತು ಬಂದೀತು ಎಂಬ ಭಯ ಕೆಲವರಿಗಿದೆ. ಅವಮಾನ ಎಲ್ಲಿದೆ ಎಂಬ ಪ್ರಶ್ನೆಗೆ ನಿಮಗೆ ತೋರಿದ ಉತ್ತರವನ್ನು ಕಾರಣಗಳ ಸಮೇತ ಬರೆದು ಕಳಿಸಿ. ನಮ್ಮ ಬೇಡಿಕೆಗೆ ಅನುಕೂಲವಾಗಲಿ ಎಂದು ಬರೆಯಬೇಡಿ, ಸರಿಯೆಂದು ಕಂಡದ್ದನ್ನು ಬರೆಯಿರಿ. ಒಪ್ಪದಿದ್ದರೆ ನಾವು ವಾದಿಸುತ್ತೇವೆ.